ಇಷ್ಟೊಂದು ಹಳೆ ಕಬ್ಬಿಣ ಯಾಕೆ ಕೂಡಿಹಾಕ್ತೀರಿ?

ಕಲಬುರಗಿಯ ನಮ್ಮ ಶೆಡ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಕಬ್ಬಿಣ ಕಡೆಯುವ ಲೇತ್ ಇದೆ, ಡ್ರಿಲ್ಲಿಂಗ್ ಮಷಿನ್ ಇದೆ, ಗೋಡೆ ತುಂಬ ಪಾನಾ, ಅರ, ನಟ್ಟಿನೊಳಗೆ ಸುತ್ತುಗೆರೆ ಕೊರೆಯುವ ಟ್ಯಾಪು ಇವೆ, ಆದರೂ ಗುಜರಿ ಅಂಗಡಿ ಕಂಡರೆ ಗಾಡಿ ನಿಲ್ಲಿಸ್ತೀರಲ್ಲ, ಯಾಕೆ? ತಂಗಿ ಕೇಳುವುದು ಇನ್ನೂ ನೇರ: “ಯಣ್ಣಾ, ಇಷ್ಟ ಕಬ್ಬಿಣ ಇಟ್ಕೊಂಡು ಏನ್ ಮಾಡ್ತಿ? ಮಾರಿಬಿಡು, ಜಾಗನಾದ್ರೂ ಆಗ್ತದ.”

ಹಳೆ ಮಷಿನ್ ಸವೆದು ಹಾಳಾಗುವುದು ಕಡಿಮೆ, ಅದರ ಸಣ್ಣ ಸಾಮಾನು ಚದುರಿ ಹಾಳಾಗುವುದೇ ಜಾಸ್ತಿ. ಆ ಸಾಮಾನು ತಕ್ಕಡಿಗೆ ಬೀಳುವ ಮೊದಲು ತಂದಿಟ್ಟುಕೊಳ್ಳಬೇಕು. ಅದಕ್ಕೇ ಗಾಡಿ ನಿಲ್ಲಿಸುತ್ತೇನೆ.

ಸವೆತ ಅಂದರೆ ಜನ ಸುಮ್ನೆ ಹೆದರುತ್ತಾರೆ. ಹಳೆ ಲೇತ್ ನೋಡಲು ಹೋದರೆ ನಾನು ಮೊದಲು ಕ್ಯಾರೇಜನ್ನು, ಅಂದರೆ ಕಡೆಯುವ ಉಳಿ ಹೊತ್ತು ಸರಿಯುವ ಭಾಗವನ್ನು, ಕೆಲಸದ ತುಂಡು ಹಿಡಿದು ತಿರುಗುವ ಚಕ್ ಹತ್ತಿರ ತಂದು ಸರಿಸಿ ನೋಡುತ್ತೇನೆ. ಅಲ್ಲಿ ಸಲೀಸಾಗಿ ಓಡುತ್ತದೆ, ಆ ತುದಿಗೆ ಹೋದ ಹಾಗೆ ಬಿಗಿಯಾಗುತ್ತದೆ. ಕೆಲಸವೆಲ್ಲ ಚಕ್ ಪಕ್ಕದಲ್ಲೇ ನಡೆಯುತ್ತದಲ್ಲ, ಕ್ಯಾರೇಜ್ ಓಡಾಡುವ ಬೆಡ್ ಸವೆಯುವುದೂ ಅಲ್ಲೇ. ಆದರೆ ಇದನ್ನು ಸರಿ ಮಾಡಬಹುದು. ಸ್ಟ್ರೇಟ್ ಎಡ್ಜ್ ಅನ್ನುವ ನೇರ ಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ ಮೇಲೆ ಉಜ್ಜಿದರೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಅದನ್ನಷ್ಟೇ ಸ್ಕ್ರೇಪರ್‌ನಿಂದ ಕೆರೆಯಬೇಕು, ಮತ್ತೆ ಉಜ್ಜಬೇಕು, ಮತ್ತೆ ಕೆರೆಯಬೇಕು. ಬೇಸರದ ಕೆಲಸವೇ, ಆದರೆ ಆಗುತ್ತದೆ.

ಗೇರ್ ಕಳೆದರೆ ಮಾತ್ರ ಕಷ್ಟ. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದಿದ್ದು 1956ರಲ್ಲಿ. ಆದರೆ ಹಳೆ ಲೇತ್‌ಗಳ ಲೀಡ್ ಸ್ಕ್ರೂ, ಅಂದರೆ ಗೇರ್‌ಗಳಿಂದ ತಿರುಗಿ ಕ್ಯಾರೇಜನ್ನು ಸರಿಸುವ ಉದ್ದನೆ ಸ್ಕ್ರೂ, ಇಂಚಿನದ್ದೇ. ಅಂಥ ಲೇತ್‌ನಲ್ಲಿ ಮಿಲಿಮೀಟರ್ ಲೆಕ್ಕದ ಮರೆ (ಬೋಲ್ಟಿನ ಸುತ್ತುಗೆರೆ) ಹಾಕಬೇಕಾದರೆ 127 ಹಲ್ಲಿನ ಗೇರ್ ಬೇಕು. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು ಸರಿಯಾಗಿ 127. ಈ 127 ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಭಾಗ ಆಗಲ್ಲ. ಹಾಗಾಗಿ ಸಣ್ಣ ಗೇರ್‌ಗಳನ್ನು ಹೇಗೇ ಜೋಡಿಸಿದರೂ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ ಹೊರತು ಪಕ್ಕಾ ಕೂರಲ್ಲ. ಇಷ್ಟು ಮುಖ್ಯವಾದ ಗೇರ್ ಇರುವುದು ಎಲ್ಲಿ ಗೊತ್ತಾ? ವರ್ಕ್‌ಶಾಪಿನ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ! ಲೇತ್ ಒಬ್ಬರು ಒಯ್ಯುತ್ತಾರೆ, ಗೇರ್ ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ, ಕಿಲೋ ಲೆಕ್ಕದಲ್ಲಿ. ಮಾಡಿದ ಕಂಪನಿಗೆ ಕೇಳೋಣ ಅಂದರೆ ಕಂಪನಿಯೇ ಇಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎಷ್ಟೋ ವರ್ಷ ಆಯಿತು, ಅದರ ಲೇತ್‌ಗಳು ಮಾತ್ರ ಸಣ್ಣ ಊರುಗಳಲ್ಲಿ ಇನ್ನೂ ತಿರುಗುತ್ತಿವೆ.

ನಮ್ಮಲ್ಲಿ ಎಂಎಸ್‌ಕೆ ಬಟ್ಟೆ ಮಿಲ್ ನಿಂತುಹೋಯಿತು, ಬಡಾವಣೆಗೆ ಹೆಸರು ಉಳಿಯಿತು. ತೊಗರಿ ಬೇಳೆಯ ದಾಲ್ ಮಿಲ್‌ಗಳು ಹೊಸ ಮಷಿನ್ ಹಾಕಿಸಿಕೊಂಡಾಗ ಹಳೆ ಶಾಫ್ಟು, ಪುಲ್ಲಿ, ಹಿಂದಿನ ರಿಪೇರಿ ಶೆಡ್ಡಿನ ಸಾಮಾನು ಎಲ್ಲ ಒಟ್ಟಿಗೇ ಹೊರಗೆ ಬೀಳುತ್ತವೆ. ಅವುಗಳ ಮೇಲೆ ತೊಗರಿ ಹೊಟ್ಟಿನ ಪುಡಿ, ಎಣ್ಣೆ ಸೇರಿ ದಪ್ಪನೆ ಜಿಡ್ಡು ಕಟ್ಟಿರುತ್ತದೆ. ನೋಡಿದವರು ಮುಖ ತಿರುಗಿಸುತ್ತಾರೆ, ನನಗೆ ಖುಷಿಯಾಗುತ್ತದೆ, ಯಾಕೆಂದರೆ ಆ ಜಿಡ್ಡು ಕೆಳಗೆ ತುಕ್ಕು ಹಿಡಿಯಲು ಬಿಟ್ಟಿರುವುದಿಲ್ಲ. ಸೀಮೆಎಣ್ಣೆ ಹಾಕಿ ಒರೆಸುತ್ತ ಹೋದರೆ ಎರಕದ ಮೈ ಮೇಲೆ ಅರ್ಧಚಂದ್ರದಂಥ ಕೆರೆತದ ಗುರುತು ಒಂದೊಂದೇ ಎದ್ದು ಬರುತ್ತವೆ. ಎಂದೋ ಒಬ್ಬ ಫಿಟ್ಟರ್ ಬಗ್ಗಿ ನಿಂತು ಕೈಯಿಂದ ಕೆರೆದದ್ದು. ಅದನ್ನು ನೋಡಿದ ಮೇಲೂ ತೂಕಕ್ಕೆ ಹಾಕುವ ಮನಸ್ಸು ನನಗಂತೂ ಬರಲ್ಲ. ಬೇಕಾದರೆ ಹುಚ್ಚು ಅನ್ನಿ.

ಉಪಯೋಗ ಏನು ಅಂತಲೂ ಕೇಳುತ್ತಾರೆ. ತೊಗರಿ ರಾಶಿ ಶುರುವಾದರೆ ಬಂದು ನೋಡಿ. ಯಾರದ್ದೋ ಹಳೆ ಎಂಜಿನ್ನಿನ ನಟ್ಟು ಬಿದ್ದುಹೋಗಿರುತ್ತದೆ, ಅಂಗಡಿಯಲ್ಲಿ ಅರ್ಧ ಇಂಚಿನದ್ದೇ ಕೊಟ್ಟಿರುತ್ತಾರೆ, ಆದರೂ ಕೂರಲ್ಲ. ಹಳೆ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಮರೆ, ಅಮೆರಿಕನ್ ಅಳತೆಯದಕ್ಕೆ 13. ಕಣ್ಣಿಗೆ ಎರಡೂ ಒಂದೇ. ಪಾನಾ ಹಾಕಿ ಜಬರ್‌ದಸ್ತಿ ತಿರುಗಿಸಿದರೆ ಎರಡು ಸುತ್ತಿನಲ್ಲೇ ಬೋಲ್ಟು ಹಾಳು. ಆಗ “ಕಾಕಾ, ಹಳೇ ಟ್ಯಾಪ್ ಅದ ಏನ್ರಿ?” ಅಂತ ನಮ್ಮ ಬಾಗಿಲಿಗೇ ಬರುತ್ತಾರೆ. ಇದೆ, ಒಯ್ಯಲಿ, ವಾಪಸ್ ತಂದುಕೊಟ್ಟರೆ ಸಾಕು.

ಹಾಗಂತ ಕಂಡದ್ದೆಲ್ಲ ತರುವುದಿಲ್ಲ. ಎರಕದ ಬಾಡಿ ಒಡೆದಿದ್ದರೆ ಅಲ್ಲೇ ಬಿಡುತ್ತೇನೆ. ದೊಡ್ಡ ಮಷಿನ್ ಬೇರೆ ಯಾರಾದರೂ ಓಡಿಸಲು ಒಯ್ಯುತ್ತಾರೆ ಅಂದರೆ ಅದನ್ನೂ ಬಿಡುತ್ತೇನೆ, ಜೊತೆಗೆ ನನ್ನಲ್ಲಿರುವ ಗೇರ್ ಅದಕ್ಕೆ ಹೊಂದಿದರೆ ಕೊಟ್ಟೇಬಿಡುತ್ತೇನೆ.

ನಿಮ್ಮ ಕಡೆ ಮಿಲ್ಲೋ ವರ್ಕ್‌ಶಾಪೋ ಮಾರಾಟಕ್ಕೆ ಬಂದರೆ ತೂಕ ಹಾಕಿಸುವ ಮೊದಲು ಗೋಡೆ ಮೇಲೆ, ಬೆಂಚಿನ ಕೆಳಗಿನ ಡಬ್ಬಿಗಳಲ್ಲಿ ಒಮ್ಮೆ ಹುಡುಕಿ. ಗೇರು, ಚಕ್ ಕೀಲಿ, 1, 2, 3 ಅಂತ ನಂಬರ್ ಹೊಡೆದ ಚಕ್‌ನ ಇನ್ನೊಂದು ಜೊತೆ ಹಿಡಿತದ ಹಲ್ಲು ಸಿಕ್ಕರೆ ತಂತಿಗೆ ಪೋಣಿಸಿ ಆ ಮಷಿನ್ನಿಗೇ ಕಟ್ಟಿ ಕಳಿಸಿ. ಕೊಳ್ಳುವವನು ನಾನೇ ಆಗಬೇಕು ಅಂತೇನಿಲ್ಲ.