ಮೂವತ್ತು ಗಂಟೆಗಳ ಕಲಿಕೆ ಮತ್ತು ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿ

ವೈದ್ಯರು ಐದು ವರ್ಷಗಳ ಅವಧಿಯಲ್ಲಿ ಕನಿಷ್ಠ 30 ಗಂಟೆಗಳಷ್ಟಾದರೂ ನಿರಂತರ ವೈದ್ಯಕೀಯ ಶಿಕ್ಷಣದ ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿ ಹೇಳುತ್ತದೆ. ನಾವೆಲ್ಲ ಸಿಎಂಇ ಎಂದು ಕರೆಯುವುದು ಇದನ್ನೇ. ನಮ್ಮ ರಾಜ್ಯದಲ್ಲಿ ಕಾರ್ಯಕ್ರಮಗಳಿಗೆ ಕ್ರೆಡಿಟ್ ಗಂಟೆಗಳನ್ನು ಮಂಜೂರು ಮಾಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಸಂಘಟಕರು ಮುಂಚಿತವಾಗಿ ಅರ್ಜಿ ಸಲ್ಲಿಸುತ್ತಾರೆ, ಬಂದವರು ಸಹಿ ಹಾಕುತ್ತಾರೆ, ಪರಿಷತ್ತಿನ ವೀಕ್ಷಕರು ಹಾಜರಾತಿಯನ್ನು ನೋಡುತ್ತಾರೆ, ಕೊನೆಗೆ ಪ್ರಮಾಣಪತ್ರ ಕೈಸೇರುತ್ತದೆ. ಈ ವ್ಯವಸ್ಥೆಯಲ್ಲಿ ಗಂಟೆಗಳನ್ನು ಎಣಿಸುವುದಕ್ಕೆ ಬೇಕಾದುದೆಲ್ಲ ಇದೆ. ಆದರೆ ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿರುವ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯೆಂದರೆ, ಹೀಗೆ ಎಣಿಸಿದ ಗಂಟೆಗಳಲ್ಲಿ ಎಷ್ಟು ಪಾಲು ರಾತ್ರಿ ಎರಡು ಗಂಟೆಗೆ ತುರ್ತು ಚಿಕಿತ್ಸಾ ಕೊಠಡಿಗೆ ಬಂದ ರೋಗಿಯ ಮಂಚದವರೆಗೆ ತಲುಪುತ್ತದೆ ಎಂಬುದು.

ದೊಡ್ಡ ಸಮ್ಮೇಳನಗಳ ಬಗ್ಗೆ ನನಗೆ ಗೌರವವಿದೆ. 1944ರಲ್ಲಿ ಸ್ಥಾಪನೆಯಾದ ಭಾರತೀಯ ಫಿಸಿಷಿಯನ್ನರ ಸಂಘದ ವಾರ್ಷಿಕ ಸಮ್ಮೇಳನ ಎಪಿಕಾನ್‌ಗೆ ದೇಶದ ಎಲ್ಲ ಕಡೆಗಳಿಂದ ವೈದ್ಯರು ಬರುತ್ತಾರೆ, ರಾಜ್ಯ ಶಾಖೆಯೂ ತನ್ನದೇ ಸಮ್ಮೇಳನವನ್ನು ನಡೆಸುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಪೋಸ್ಟರಿನ ಪಕ್ಕದಲ್ಲಿ ನಿಂತು ಹಿರಿಯರ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಕಲಿಯುವುದು ಅಲ್ಲಿಯೇ. ಹೊಸ ವಿಜ್ಞಾನ ನಮ್ಮ ಕಿವಿಗೆ ಮೊದಲು ಬೀಳುವುದೂ ಬಹುಮಟ್ಟಿಗೆ ಅಂಥ ವೇದಿಕೆಗಳಲ್ಲಿ. ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಆದ್ದರಿಂದ ಒಂದೇ ಕಡೆಯ ಹಾವುಗಳ ವಿಷದಿಂದ ತಯಾರಾದ ಪ್ರತಿವಿಷ ಎಲ್ಲೆಡೆಯೂ ಒಂದೇ ಸಮನಾಗಿ ಕೆಲಸ ಮಾಡಲಾರದು ಎಂಬ ಸಂಗತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷಗಳಿಂದ ತೋರಿಸುತ್ತ ಬಂದಿದ್ದಾರೆ. ಇಂಥ ಕೆಲಸದ ಬಗ್ಗೆ ತಜ್ಞರ ಬಾಯಿಂದ ಕೇಳಿ, ಎದ್ದುನಿಂತು ಪ್ರಶ್ನೆ ಕೇಳುವ ಅವಕಾಶ ಬೇರೆಲ್ಲಿ ಸಿಕ್ಕೀತು? ಆದರೆ ಕೇಳಿ ತಿಳಿಯುವುದಕ್ಕೂ ಕೈಯಿಂದ ಮಾಡುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಶೈಕ್ಷಣಿಕ ಸಭೆಗಳು ವೈದ್ಯರ ನಡೆಯನ್ನು ಎಷ್ಟು ಬದಲಿಸುತ್ತವೆ ಎಂಬುದನ್ನು 81 ಪ್ರಯೋಗಗಳ ಆಧಾರದಲ್ಲಿ ಪರಿಶೀಲಿಸಿದ 2009ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ವರದಿ), ಸರಿಯಾದ ಕ್ರಮದ ಪಾಲನೆಯಲ್ಲಿ ಆಗುವ ಸುಧಾರಣೆ ಸರಿಸುಮಾರು ಶೇಕಡಾ 6ರಷ್ಟು ಎಂದು ಕಂಡುಕೊಂಡಿತು. ಉಪನ್ಯಾಸದ ಜೊತೆಗೆ ಚರ್ಚೆ ಮತ್ತು ಅಭ್ಯಾಸಗಳನ್ನು ಬೆರೆಸಿದ ಸಭೆಗಳ ಫಲ ಇದಕ್ಕಿಂತ ಹೆಚ್ಚಾಗಿತ್ತು. ಶೇಕಡಾ 6 ಎಂಬುದು ತೀರ ಕಡಿಮೆಯೆಂದು ಕೈಬಿಡುವಂಥದ್ದಲ್ಲ, ಆದರೆ ಅಷ್ಟಕ್ಕೇ ತೃಪ್ತಿಪಡುವಂಥದ್ದೂ ಅಲ್ಲ.

ನಾನು ಹಾವು ಕಡಿತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿದು ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುತೇಕರು ಹಳ್ಳಿಗಳವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರ್ಕಾರ ಈ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು. ಗುರಿ ಒಳ್ಳೆಯದು. ಅದನ್ನು ಮುಟ್ಟಬೇಕಾದವರು ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದ ಮತ್ತು ತಾಲ್ಲೂಕು ಆಸ್ಪತ್ರೆಯ ಯುವ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಪ್ರಯೋಗಾಲಯ ತಂತ್ರಜ್ಞರು. ಇವರಲ್ಲಿ ಹೆಚ್ಚಿನವರು ಯಾವ ಸಮ್ಮೇಳನದ ಸಭಾಂಗಣದಲ್ಲೂ ಕೂತವರಲ್ಲ.

ಈ ಚಿಕಿತ್ಸೆಯಲ್ಲಿ ಜೀವ ಉಳಿಸುವ ಅಂಶಗಳು ಬಹಳ ಸಣ್ಣವು ಮತ್ತು ಬಹಳ ನಿಖರವಾದವು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಮಂಡಲದ ಹಾವಿನ ವಿಷ ಕೆಡಿಸಿದೆಯೇ ಎಂದು ತಿಳಿಯಲು ನಾವು ಇಪ್ಪತ್ತು ನಿಮಿಷಗಳ ಪರೀಕ್ಷೆಯನ್ನು ಮಾಡುತ್ತೇವೆ. ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ನೀರಾಗಿಯೇ ಹರಿದರೆ ಪ್ರತಿವಿಷವನ್ನು ಆರಂಭಿಸಬೇಕು. ಯಂತ್ರ ಬೇಡ, ವಿದ್ಯುತ್ ಬೇಡ, ತಜ್ಞರೂ ಬೇಡ. ಆದರೆ ನಳಿಕೆ ಹೊಸದಾಗಿರಬೇಕು, ಒಣಗಿರಬೇಕು ಮತ್ತು ಗಾಜಿನದೇ ಆಗಿರಬೇಕು. ಸೋಪಿನ ನೀರಿನಲ್ಲಿ ತೊಳೆದ ಗಾಜಿನಲ್ಲಾಗಲಿ ಪ್ಲಾಸ್ಟಿಕ್‌ನಲ್ಲಾಗಲಿ ಆರೋಗ್ಯವಂತರ ರಕ್ತವೂ ಸಕಾಲಕ್ಕೆ ಹೆಪ್ಪುಗಟ್ಟದೆ ಹೋಗಬಹುದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಚಾಲೂ ಮಾಡುವುದೇ ಶುದ್ಧ ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ನಳಿಕೆಗಳೇ ಸರಬರಾಜಾಗುವ ಆಸ್ಪತ್ರೆಯಲ್ಲಿ ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ, ವಿಷವೇರದ ವ್ಯಕ್ತಿಗೆ ಅನಗತ್ಯವಾಗಿ ಪ್ರತಿವಿಷ ಹೋಗುತ್ತದೆ. ಸಮ್ಮೇಳನದ ಪರದೆಯ ಮೇಲೆ ಈ ಪರೀಕ್ಷೆಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಳಿಕೆಯ ಗುಣ ಕಲಿಕೆಯ ವಿಷಯವಾಗುವುದು ಆ ನಳಿಕೆಯನ್ನು ಕೈಯಲ್ಲಿ ಹಿಡಿದಾಗ ಮಾತ್ರ.

ಕಟ್ಟುಹಾವಿನ ಕಡಿತ ಇನ್ನೂ ಕಠಿಣವಾದ ಪಾಠ. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವಿರುವುದಿಲ್ಲ, ಎಷ್ಟೋ ಬಾರಿ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಬಂದ ಮಗುವಿನ ಕಣ್ಣಿನ ರೆಪ್ಪೆ ಜೋತುಬಿದ್ದಿರುವುದನ್ನು ಗಮನಿಸಿದವರು ಆ ಮಗುವನ್ನು ಉಳಿಸುತ್ತಾರೆ. ಗಮನಿಸದೆ ಹೊಟ್ಟೆನೋವಿನ ಚುಚ್ಚುಮದ್ದು ಕೊಟ್ಟು ಕಳಿಸಿದರೆ, ಕೆಲವು ಗಂಟೆಗಳಲ್ಲಿ ಅದರ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆಗ ಬೇಕಾಗುವುದು ಪ್ರತಿವಿಷದಷ್ಟೇ ಮುಖ್ಯವಾಗಿ ಕೃತಕವಾಗಿ ಉಸಿರು ಕೊಡುವ ಆಂಬು ಬ್ಯಾಗನ್ನು ಸರಿಯಾಗಿ ಒತ್ತಬಲ್ಲ ಕೈ, ಮತ್ತು ಜಿಲ್ಲಾಸ್ಪತ್ರೆ ತಲುಪುವವರೆಗೂ ಅದನ್ನು ನಿಲ್ಲಿಸದ ದೃಢತೆ. ಹಾವು ಮಗುವಿಗೂ ದೊಡ್ಡವರಿಗೂ ಅಷ್ಟೇ ವಿಷವನ್ನು ಬಿಡುತ್ತದೆಯಾದ್ದರಿಂದ ಪ್ರತಿವಿಷದ ಪ್ರಮಾಣ ಇಬ್ಬರಿಗೂ ಒಂದೇ ಎಂಬುದು, ಚರ್ಮದ ಮೇಲೆ ಮಾಡುವ ಪರೀಕ್ಷಾ ಚುಚ್ಚುಮದ್ದಿನಿಂದ ಅಲರ್ಜಿಯನ್ನು ಮುಂಚಿತವಾಗಿ ತಿಳಿಯಲಾಗದು ಎಂಬುದು, ಅಲರ್ಜಿಯ ಮೊದಲ ಲಕ್ಷಣ ಕಂಡ ಕೂಡಲೇ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು ಎಂಬುದು: ಇವೆಲ್ಲ ಓದಿದವರಿಗೆ ತಿಳಿದಿರುತ್ತವೆ. ಆದರೂ ಪ್ರತಿವಿಷ ಹರಿಯುತ್ತಿರುವಾಗಲೇ ರೋಗಿಯ ಮೈಮೇಲೆ ದದ್ದುಗಳೆದ್ದು ರಕ್ತದೊತ್ತಡ ಕುಸಿಯತೊಡಗಿದರೆ, ಹಿಂದೆ ಎಂದೂ ಆ ಸನ್ನಿವೇಶವನ್ನು ಅಭ್ಯಾಸ ಮಾಡದ ವೈದ್ಯರು ಹೆದರಿ, ಪ್ರತಿವಿಷವನ್ನು ಪೂರ್ತಿ ನಿಲ್ಲಿಸಿ, ರೋಗಿಯನ್ನು ಮುಂದಿನ ಊರಿಗೆ ಸಾಗಹಾಕುತ್ತಾರೆ. ಜ್ಞಾನ ಸಾಲದೆ ಹೀಗಾಗುವುದಲ್ಲ, ಅಭ್ಯಾಸ ಸಾಲದೆ ಆಗುವುದು.

ಪಶ್ಚಿಮ ಘಟ್ಟದ ಸೆರಗಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕಾಗಿ ತಯಾರಾದದ್ದು. ಕಾಫಿ ಮತ್ತು ಅಡಿಕೆ ತೋಟಗಳ ದರಗೆಲೆಗಳ ನಡುವೆ ಇರುವ ಉಬ್ಬುಮೂಗಿನ ಗುಳಿಮಂಡಲದ ವಿಷಕ್ಕೆ ಅದು ಉತ್ತರವಲ್ಲ. ಆ ಹಾವು ಕಡಿದವರಲ್ಲಿ ಕೆಲವರಿಗೆ ರಕ್ತಸ್ರಾವವಾಗುವುದೂ ಮೂತ್ರಪಿಂಡಗಳು ಸೋಲುವುದೂ ಉಂಟು. ಪ್ರತಿವಿಷ ಕೊಟ್ಟ ಆರು ಗಂಟೆಗಳ ನಂತರವೂ ರಕ್ತ ಹೆಪ್ಪುಗಟ್ಟದಿದ್ದರೆ ಈ ಸಾಧ್ಯತೆಯನ್ನೂ ನೆನೆಯಬೇಕು, ಮೂತ್ರದ ಪ್ರಮಾಣವನ್ನು ಅಳೆಯುತ್ತಿರಬೇಕು, ಡಯಾಲಿಸಿಸ್ ಇರುವ ಆಸ್ಪತ್ರೆಯೊಂದಿಗೆ ಮೊದಲೇ ಮಾತನಾಡಿಡಬೇಕು. ಬಯಲುಸೀಮೆಯ ವೈದ್ಯರಿಗೆ ಇದು ಅಪರೂಪದ ಸಂಗತಿ, ನಮಗೆ ಮಳೆಗಾಲದ ಎಚ್ಚರಿಕೆ. ಒಂದೇ ಪಠ್ಯಕ್ರಮವನ್ನು ರಾಜ್ಯಕ್ಕೆಲ್ಲ ಹಂಚಿದರೆ ಸ್ಥಳೀಯವಾದ ಇಂಥ ವಿಷಯಗಳೇ ಮೊದಲು ಬಿಟ್ಟುಹೋಗುತ್ತವೆ.

ಈ ಕಾರಣದಿಂದ ನಮ್ಮ ಆಸ್ಪತ್ರೆಯಲ್ಲಿ ಆಡಳಿತ ವೈದ್ಯಾಧಿಕಾರಿಗಳ ಒಪ್ಪಿಗೆಯಿಂದ ತಿಂಗಳಿಗೊಮ್ಮೆ, ಹೊರರೋಗಿ ವಿಭಾಗದ ಕೆಲಸ ಮುಗಿದ ಮೇಲೆ, ನಾವೇ ಒಂದು ಕಲಿಕೆಯ ಸಭೆಯನ್ನು ನಡೆಸುತ್ತಿದ್ದೇವೆ. ಹಿಂದಿನ ತಿಂಗಳಲ್ಲಿ ಬಂದ ಒಂದು ಪ್ರಕರಣವನ್ನು ರೋಗಿಯ ಗುರುತು ತೆಗೆದು ಮುಂದಿಡುತ್ತೇವೆ. ಯಾವ ಹೊತ್ತಿಗೆ ಬಂದರು, ಯಾರು ಮೊದಲು ನೋಡಿದರು, ಔಷಧಿ ಯಾವ ಕಪಾಟಿನಲ್ಲಿತ್ತು, ಮೊದಲ ವಯಲ್ (ಔಷಧಿಯ ಪುಟ್ಟ ಸೀಸೆ) ಹೋಗುವಷ್ಟರಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ನಿಮಿಷ ನಿಮಿಷವಾಗಿ ಹಿಂದಕ್ಕೆ ನೋಡುತ್ತೇವೆ. ಯಾರನ್ನೂ ದೂಷಿಸಬಾರದು ಎಂಬುದು ಸಭೆಯ ಮೊದಲ ನಿಯಮ. ಅವಧಿ ಮೀರಿದ ವಯಲ್‌ಗಳನ್ನು ಅಭ್ಯಾಸಕ್ಕೆಂದೇ ಬೇರೆಯಾಗಿ ಗುರುತುಹಾಕಿ ಇಟ್ಟುಕೊಂಡಿದ್ದೇವೆ. ಪುಡಿಯ ರೂಪದಲ್ಲಿರುವ ಪ್ರತಿವಿಷವನ್ನು ನೊರೆಯೇಳದಂತೆ ಮೆಲ್ಲನೆ ಕರಗಿಸುವುದಕ್ಕೆ ಎಷ್ಟು ಸಮಯ ಬೇಕು, ಹತ್ತು ವಯಲ್‌ಗಳನ್ನು ಒಬ್ಬರೇ ಕರಗಿಸುವುದಕ್ಕೂ ಇಬ್ಬರು ಸೇರಿ ಕರಗಿಸುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಆ ವಯಲ್‌ಗಳನ್ನು ಕೈಯಲ್ಲಿ ಹಿಡಿದವರಿಗೆ ತಾನೇ ತಿಳಿಯುತ್ತದೆ.

ಈ ಸಭೆಗಳಲ್ಲಿ ಶುಶ್ರೂಷಾಧಿಕಾರಿಗಳೂ ಪ್ರಯೋಗಾಲಯದವರೂ ಆಂಬುಲೆನ್ಸ್ ಸಿಬ್ಬಂದಿಯೂ ನಮ್ಮ ಜೊತೆಯಲ್ಲೇ ಕೂರುತ್ತಾರೆ. ಇದು ನನಗೆ ಬಹಳ ಮುಖ್ಯವೆನಿಸಿದ ವಿಚಾರ. ವೈದ್ಯರ ಕಲಿಕೆ ಒಂದು ಕಡೆ, ಸಿಸ್ಟರ್‌ಗಳ ಕಲಿಕೆ ಇನ್ನೊಂದು ಕಡೆ ಎಂದು ವಿಂಗಡಿಸಿದ ವ್ಯವಸ್ಥೆ ಆಸ್ಪತ್ರೆಯ ನಿಜವಾದ ಕೆಲಸಕ್ಕೆ ಹೊಂದುವುದಿಲ್ಲ, ಏಕೆಂದರೆ ರಾತ್ರಿಪಾಳಿಯಲ್ಲಿ ರೋಗಿಯ ರೆಪ್ಪೆಯನ್ನು ಮೊದಲು ನೋಡುವವರು ಅವರೇ, ಕರ್ತವ್ಯದ ವೈದ್ಯರನ್ನು ಎಬ್ಬಿಸಬೇಕೇ ಬೇಡವೇ ಎಂದು ನಿರ್ಧರಿಸುವವರೂ ಅವರೇ. ಹಿರಿಯ ಸಿಸ್ಟರ್ ಒಬ್ಬರು ನಮ್ಮ ಸಭೆಯಲ್ಲಿ, "ಸರ್, ಹೊಟ್ಟೆನೋವು ಅಂತ ಬಂದವರಿಗೆಲ್ಲ ನೆಲದ ಮೇಲೆ ಮಲಗಿದ್ರಾ ಅಂತ ಒಂದು ಮಾತು ಕೇಳ್ತೀವಿ, ಅದನ್ನ ಚೀಟಿಯಲ್ಲೇ ಬರೆದುಬಿಡೋಣ" ಎಂದರು. ಈಗ ಮಳೆಗಾಲದ ತಿಂಗಳುಗಳಲ್ಲಿ ತುರ್ತು ವಿಭಾಗದ ನೋಂದಣಿ ಚೀಟಿಯ ಮೇಲೆ ಆ ಪ್ರಶ್ನೆ ಅಚ್ಚಾಗಿ ಬರುತ್ತದೆ. ನಾನು ಕೇಳಿದ ಯಾವ ಉಪನ್ಯಾಸದಿಂದಲೂ ಇಷ್ಟು ನೇರವಾದ ಬದಲಾವಣೆ ನಮ್ಮ ವಾರ್ಡಿನಲ್ಲಿ ಆಗಿರಲಿಲ್ಲ.

ದೂರದ ತಜ್ಞರ ನೆರವು ಬೇಡವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಯಕೃತ್ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೋ ಯೋಜನೆ ಇದಕ್ಕೆ ಒಳ್ಳೆಯ ದಾರಿಯನ್ನು ತೋರಿಸಿದೆ. ಹೆಪಟೈಟಿಸ್ ಸಿ ರೋಗಿಗಳು ನೂರಾರು ಮೈಲಿ ದೂರದ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಬರುವ ಬದಲು, ಹಳ್ಳಿ ಮತ್ತು ಜೈಲುಗಳ ವೈದ್ಯರು ವಾರವಾರವೂ ವಿಡಿಯೋ ಮೂಲಕ ತಮ್ಮ ರೋಗಿಗಳ ವಿವರವನ್ನು ತಜ್ಞರ ಮುಂದಿಟ್ಟು ಚರ್ಚಿಸಿದರು. ವಿಶ್ವವಿದ್ಯಾಲಯದ ಆಸ್ಪತ್ರೆ ಮತ್ತು ಈ ವೈದ್ಯರ ಕೇಂದ್ರಗಳು, ಎರಡೂ ಕಡೆಗಳಲ್ಲಿ ಗುಣವಾದವರ ಪ್ರಮಾಣ ಸರಿಸುಮಾರು ಶೇಕಡಾ 58 ಎಂದು 2011ರಲ್ಲಿ ಪ್ರಕಟವಾಯಿತು. ನಮ್ಮ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ವ್ಯಸನ ಮತ್ತು ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಜಿಲ್ಲೆಗಳ ವೈದ್ಯರಿಗೆ ಕಲಿಸುತ್ತಿದೆ. ಕಲಿಯುವವರು ತಮ್ಮದೇ ರೋಗಿಯನ್ನು ಮುಂದಿಡುತ್ತಾರೆ, ಸಲಹೆಯನ್ನು ತಮ್ಮ ಊರಿನಲ್ಲೇ ಜಾರಿಗೆ ತರುತ್ತಾರೆ, ಏನಾಯಿತೆಂದು ಮುಂದಿನ ಸಭೆಯಲ್ಲಿ ಹೇಳುತ್ತಾರೆ. ಕ್ಯಾಮೆರಾವನ್ನು ಆರಿಸಿಟ್ಟು ಕೇಳುವ ಆನ್‌ಲೈನ್ ಉಪನ್ಯಾಸಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಹಣದ ವಿಷಯವನ್ನೂ ಮುಚ್ಚಿಡಬಾರದು. ಸಮ್ಮೇಳನಗಳ ವೆಚ್ಚದ ದೊಡ್ಡ ಪಾಲನ್ನು ಔಷಧ ಕಂಪನಿಗಳು ಹೊರುತ್ತ ಬಂದಿವೆ. ಕಂಪನಿಗಳಿಂದ ಉಡುಗೊರೆ, ಪ್ರಯಾಣ ಮತ್ತು ಆತಿಥ್ಯಗಳನ್ನು ವೈದ್ಯರು ಸ್ವೀಕರಿಸಬಾರದೆಂದು 2002ರ ನಿಯಮಾವಳಿಗೆ ತಂದ 2009ರ ಡಿಸೆಂಬರಿನ ತಿದ್ದುಪಡಿಯೇ ಹೇಳಿತ್ತು. 2023ರ ಆಗಸ್ಟಿನಲ್ಲಿ, ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಇನ್ನೂ ಬಿಗಿಯಾದ ನಿಯಮಗಳು ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟವು. 2024ರ ಮಾರ್ಚಿನಲ್ಲಿ ಬಂದ ಔಷಧ ಮಾರಾಟ ಸಂಹಿತೆ, ಕಂಪನಿಗಳು ಇಂಥ ಕಾರ್ಯಕ್ರಮಗಳನ್ನು ವಿದೇಶದಲ್ಲಿ ನಡೆಸುವುದನ್ನು ನಿಷೇಧಿಸಿದೆ. ಇವೆಲ್ಲ ಅಗತ್ಯವಾದ ಕಟ್ಟುಪಾಡುಗಳು. ಆದರೆ ಪ್ರಾಯೋಜಕರಿದ್ದಾಗ ವಿಷಯದ ಆಯ್ಕೆಯೂ ಅವರತ್ತ ವಾಲುತ್ತದೆ ಎಂಬುದು ನನ್ನ ಮುಖ್ಯ ಆತಂಕ. ಹೊಸ ಮಧುಮೇಹದ ಮಾತ್ರೆಯ ಬಗ್ಗೆ ವರ್ಷಕ್ಕೆ ಹಲವು ಉಪನ್ಯಾಸಗಳು ನಡೆಯುತ್ತವೆ. ಗಾಜಿನ ನಳಿಕೆಯ ಬಗ್ಗೆ ಮಾತನಾಡಲು ಯಾರೂ ಸಭಾಂಗಣವನ್ನು ಬಾಡಿಗೆಗೆ ಹಿಡಿಯುವುದಿಲ್ಲ, ಏಕೆಂದರೆ ಅದರಲ್ಲಿ ಯಾರಿಗೂ ಲಾಭವಿಲ್ಲ. ಈ ಜಾಗವನ್ನು ಸರ್ಕಾರ ಮತ್ತು ವೃತ್ತಿ ಸಂಘಗಳು ಮಾತ್ರ ತುಂಬಬಲ್ಲವು.

ಇನ್ನೊಂದು ತೊಡಕೆಂದರೆ ರಜೆ. ಇಬ್ಬರೋ ಮೂವರೋ ವೈದ್ಯರಿರುವ ಆಸ್ಪತ್ರೆಯಲ್ಲಿ ಒಬ್ಬರು ಓಓಡಿ (ಹೊರಗಿನ ಅಧಿಕೃತ ಕರ್ತವ್ಯ) ಮೇಲೆ ನಗರಕ್ಕೆ ಹೋದರೆ ಉಳಿದವರಿಗೆ ಎರಡು ಪಾಳಿ ಬೀಳುತ್ತದೆ. ಆದ್ದರಿಂದ ಯಾರಿಗೆ ಕಲಿಕೆ ಹೆಚ್ಚು ಅಗತ್ಯವೋ ಅವರೇ ಹೊರಡಲಾರದೆ ಉಳಿಯುತ್ತಾರೆ. ಕಲಿಕೆಯೇ ಆಸ್ಪತ್ರೆಗೆ ಬರಬೇಕೆಂದು ನಾನು ಒತ್ತಾಯಿಸುವುದಕ್ಕೆ ಇದೂ ಕಾರಣ. ತಾಲ್ಲೂಕು ಮಟ್ಟದಲ್ಲಿ, ಸ್ಥಳೀಯ ಪ್ರಕರಣಗಳ ಆಧಾರದ ಮೇಲೆ, ಲಿಖಿತ ದಾಖಲೆಯೊಂದಿಗೆ ನಡೆಯುವ ಇಂಥ ಸಣ್ಣ ಸಭೆಗಳಿಗೆ ಸರಳವಾದ ಅರ್ಜಿಯ ಮೂಲಕ ಕ್ರೆಡಿಟ್ ಗಂಟೆಗಳು ಸಿಗುವಂತಾದರೆ, ಮೂವತ್ತು ಗಂಟೆಗಳಲ್ಲಿ ಕನಿಷ್ಠ ಅರ್ಧವನ್ನಾದರೂ ವೈದ್ಯರು ತಾವು ದುಡಿಯುವ ಕಟ್ಟಡದಲ್ಲೇ, ತಮ್ಮ ತಂಡದ ಜೊತೆಯಲ್ಲೇ ಕಲಿಯಬಹುದು.

ಬೇರೆ ತಾಲ್ಲೂಕುಗಳ ಸಹೋದ್ಯೋಗಿಗಳು ಇದನ್ನು ಆರಂಭಿಸಬಯಸಿದರೆ ಹೆಚ್ಚಿನ ಸಿದ್ಧತೆ ಬೇಡ: ಒಂದು ಕೊಠಡಿ, ಹಿಂದಿನ ತಿಂಗಳ ಒಂದು ಪ್ರಕರಣ, ಉಸಿರಾಟದ ಅಭ್ಯಾಸಕ್ಕೆ ಒಂದು ಗೊಂಬೆ ಮತ್ತು ಆಂಬು ಬ್ಯಾಗ್, ಅವಧಿ ಮೀರಿದ ಕೆಲವು ವಯಲ್‌ಗಳು ಸಾಕು. ರಾತ್ರಿಪಾಳಿಯವರಿಗಾಗಿ ಅದೇ ಸಭೆಯನ್ನು ಇನ್ನೊಂದು ಹೊತ್ತಿನಲ್ಲಿ ಮತ್ತೆ ನಡೆಸುವುದನ್ನು ಮಾತ್ರ ಮರೆಯಬೇಡಿ. ಹೊಸ ಗಾಜಿನ ನಳಿಕೆಗಳನ್ನು ಪ್ರಯೋಗಾಲಯದ ಇತರ ನಳಿಕೆಗಳೊಂದಿಗೆ ಸೇರಿಸದೆ, ಹೆಸರು ಬರೆದ ಪ್ರತ್ಯೇಕ ಡಬ್ಬಿಯಲ್ಲಿ ತುರ್ತು ಟ್ರೇಯ ಪಕ್ಕದಲ್ಲೇ ಇಡಿ. ನಮ್ಮಲ್ಲಿ ಮುಂದಿನ ತಿಂಗಳು ಕೀಟನಾಶಕ ಸೇವಿಸಿ ಬಂದವರಿಗೆ ಅಟ್ರೋಪಿನ್ ಎಂಬ ಔಷಧಿ ಕೊಡುವ ಕ್ರಮದ ಬಗ್ಗೆ ಅಭ್ಯಾಸ ನಡೆಯಲಿದೆ. ಅದಕ್ಕಾಗಿ ಸಿದ್ಧಪಡಿಸುತ್ತಿರುವ ಒಂದು ಪುಟದ ಕನ್ನಡ ಕೈಪಿಡಿ ಮುಗಿದ ಕೂಡಲೇ ಅದನ್ನೂ ಇಲ್ಲಿ ಹಾಕುತ್ತೇನೆ.