ಮಾವ ಎಲ್ಲಿ ಅಂತ ಕೇಳಲು ಹೋದ ದಿನ

1976ರ ಮೇ ತಿಂಗಳು. ನಾನಿನ್ನೂ ಹೈಸ್ಕೂಲು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಸೋದರಮಾವ ಒಂದು ಹತ್ತಿ ಗಿರಣಿಯಲ್ಲಿದ್ದರು, ಯೂನಿಯನ್ ಅಂತ ಓಡಾಡುತ್ತಿದ್ದರು. ಒಂದು ರಾತ್ರಿ ಪೊಲೀಸರು ಬಂದು 'ಸ್ವಲ್ಪ ಮಾತಾಡೋದಿದೆ' ಅಂತ ಕರೆದುಕೊಂಡು ಹೋದರು. ಬೆಳಗಾದರೂ ಮಾವ ಬರಲಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ. ಕಾಗದ ಏನಾದರೂ ಕೊಟ್ಟರೆ ಓದಲಿಕ್ಕೆ ಇರಲಿ ಅಂತ ನನ್ನನ್ನೂ ಠಾಣೆಗೆ ಕರೆದೊಯ್ದರು. ಕಾಗದ ಯಾರು ಕೊಡುತ್ತಾರೆ? 'ಮೀಸಾ' ಅಂದರು, ಅಷ್ಟೇ; ಆಂತರಿಕ ಭದ್ರತೆಯ ಕಾಯ್ದೆ ಅದು. ಏನು ತಪ್ಪು ಮಾಡಿದ್ದಾರೆ ಅಂತ ಅತ್ತೆ ಕೇಳಿದರು. 'ಅದನ್ನ ಹೇಳೋ ಹಾಗಿಲ್ಲಮ್ಮ.'

ಅದು ಆ ಪೊಲೀಸಪ್ಪನ ದರ್ಪ ಅಂತ ಅಂದುಕೊಂಡಿದ್ದೆ. ಕಾನೂನೇ ಹಾಗಿತ್ತು! 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತಲ್ಲ, ಕೆಲವೇ ದಿನಗಳಲ್ಲಿ ಮೀಸಾ ಕಾಯ್ದೆಯನ್ನು ತಿದ್ದಿ, ಕಾರಣ ಹೇಳದೆಯೇ ಒಳಗೆ ಹಾಕಬಹುದು ಅಂತ ಮಾಡಿದ್ದರು.

ಅಲ್ಲಿಂದ ಒಬ್ಬ ವಕೀಲರ ಮನೆಗೆ ಹೋದೆವು. ಮಜ್ಜಿಗೆ ಕೊಟ್ಟರು, ಕೇಸು ಮುಟ್ಟಲಿಲ್ಲ. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗಿತ್ತು: ಬಂಧನ ತಪ್ಪು ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು.

ಇಷ್ಟಾದರೂ ಠಾಣೆಗಿಂತ ನಮ್ಮ ಬೀದಿಯೇ ನನಗೆ ಜಾಸ್ತಿ ಕಹಿ. ನಲ್ಲಿ ಹತ್ತಿರ ಅತ್ತೆ ಕೊಡ ಇಟ್ಟರೆ ಮಾತೆಲ್ಲ ನಿಲ್ಲುತ್ತಿತ್ತು. ಮಂಡಕ್ಕಿ ಅಂಗಡಿಯಲ್ಲಿ ಇಂದಿರಾ, ಅರಸು ಅಂತ ಗಂಟಲು ಹರಿದುಕೊಳ್ಳುತ್ತಿದ್ದವರು ಈಗ ಮಳೆ, ಹತ್ತಿ ರೇಟು ಅಂತ ಸುಮ್ನೆ ಕಾಲ ಕಳೆಯುತ್ತಿದ್ದರು. ಯಾರೂ ಅವರಿಗೆ ಬಾಯಿ ಮುಚ್ಚಿ ಅಂದಿರಲಿಲ್ಲ. ಮಾವನ ಜೊತೆ ಮೆರವಣಿಗೆ ಹೋದವರೇ ನಮ್ಮ ಮನೆ ಮುಂದೆ ಸೈಕಲ್ ಜೋರಾಗಿ ತುಳಿಯುತ್ತಿದ್ದರು. ಅವರಿಗೂ ಹೆಂಡತಿ ಮಕ್ಕಳು ಇದ್ದರು, ಅಲ್ವಾ? ಆದರೂ ನನಗೆ ಸಿಟ್ಟು ಇಳಿದಿಲ್ಲ.

1977ರಲ್ಲಿ ಚುನಾವಣೆ ಘೋಷಣೆಯಾದ ಮೇಲೆ ಮಾವ ಬಳ್ಳಾರಿ ಜೈಲಿನಿಂದ ಬಂದರು. ತನಗೆ ಏಟು ಬೀಳಲಿಲ್ಲ, ಪುಣ್ಯ ಅನ್ನುತ್ತಿದ್ದರು. ಬೆಂಗಳೂರಿನಲ್ಲಿ, ತಲೆಮರೆಸಿಕೊಂಡಿದ್ದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು, ಅಣ್ಣ ಎಲ್ಲಿ ಅಂತ ಹೇಳು ಎಂದು ಮೈ ಮುರಿಯುವಂತೆ ಬಡಿದಿದ್ದರು. ಉಬ್ಬಸದ ನಟಿ ಸ್ನೇಹಲತಾ ರೆಡ್ಡಿ ಜೈಲಿನಿಂದ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಗಿರಣಿಗೆ ಹೋದರೆ, ಹೇಳದೆ ಕೇಳದೆ ಗೈರಾದವರಿಗೆ ಕೆಲಸ ಇಲ್ಲ ಅಂದರು. ಅತ್ತೆ ಗೇಟಿನಲ್ಲೇ ನಿಂತು, 'ಹೇಳದೆ ಕೇಳದೆ ಕರಕೊಂಡು ಹೋದೋರನ್ನ ಕೇಳ್ರಿ' ಅಂತ ಕೂಗಾಡಿದರು. ಕೊನೆಗೆ ಕೆಲಸ ಸಿಕ್ಕಿತು. ಹಳೇ ಸರ್ವಿಸ್ ಮಾತ್ರ ಲೆಕ್ಕಕ್ಕೆ ಬರಲಿಲ್ಲ.