ಮಾಲೀಕರೇ ಶಾಟ್‌ನಲ್ಲಿದ್ದರೆ ಪ್ಯಾಕಪ್ ಹೇಳುವವರು ಯಾರು?

ಕುಮಟಾ, ಗೋಕರ್ಣದ ಕಡೆ ಶೂಟಿಂಗ್ ಬಂದರೆ ಲೊಕೇಶನ್ ನೋಡಿಕೊಳ್ಳುವುದು ನನ್ನ ಕೆಲಸ. ಒಮ್ಮೆ ಇಲ್ಲಿಗೆ ಒಂದು ವೆಬ್ ಸರಣಿಯ ಶೂಟಿಂಗ್ ಬಂತು, ಅದನ್ನು ಮಾಡಿದ ಕಂಪನಿ ಒಬ್ಬ ನಟರದ್ದು. ಹೀರೋ ಅವರೇ, ನಿರ್ಮಾಪಕರೂ ಅವರೇ. ಒಳ್ಳೆಯ ಮನುಷ್ಯ, ಲೈಟ್‌ಬಾಯ್‌ಗಳ ಜೊತೆ ಕೂತೇ ಊಟ ಮಾಡುತ್ತಿದ್ದರು. ಆದರೂ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ನಡೆದದ್ದು ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊದಲು ಅಮಾವಾಸ್ಯೆಗೆ ಡೇಟ್ ಹಾಕಿದ್ದೆವು. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಇಳಿತ ಸಂಜೆ ಐದರ ಆಸುಪಾಸು ಬರುತ್ತದೆ. ನೀರು ದೂರ ಸರಿದು ಮರಳಿನ ದಿಬ್ಬ ತೆರೆದುಕೊಳ್ಳುತ್ತದೆ. ಮ್ಯಾಜಿಕ್ ಅವರ್‌ಗೆ, ಅಂದರೆ ಸೂರ್ಯ ಮುಳುಗುವ ಹೊತ್ತಿನ ಬೆಳಕಿಗೆ, ಅದಕ್ಕಿಂತ ಇನ್ನೇನು ಬೇಕು? ಆದರೆ ಕಾಂಬಿನೇಷನ್, ಅಂದರೆ ಸೀನಿಗೆ ಬೇಕಾದ ನಟರೆಲ್ಲರ ಡೇಟ್, ಕೂಡಿಬರಲಿಲ್ಲ. ಬೆಂಗಳೂರು ಆಫೀಸಿನವರು ಶೆಡ್ಯೂಲನ್ನು ಒಂದು ವಾರ ಮುಂದೆ ತಳ್ಳಿದರು. ಯೂನಿಟ್‌ಗೆ ಹಂಚುವ ಆ ದಿನದ ಶೂಟಿಂಗ್ ಪಟ್ಟಿಯಲ್ಲಿ, ಅಂದರೆ ಕಾಲ್‌ಶೀಟ್‌ನಲ್ಲಿ, ಟೈಮ್ ಮಾತ್ರ ಹಾಗೇ ಉಳಿಯಿತು.

ಭರತಿ, ಅಂದರೆ ಸಮುದ್ರದ ನೀರು ಏರುವುದು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರ ಕಳೆದರೆ ಎಲ್ಲ ತಿರುಗುಮುರುಗು, ಇಳಿತ ಇದ್ದ ಹೊತ್ತಿಗೇ ಭರತಿ. ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರನ್ನು ಕೇಳಿದರೆ ನಿಂತಲ್ಲೇ ಹೇಳುತ್ತಾರೆ. ನಾನು ಮ್ಯಾನೇಜರ್‌ಗೆ ಹೇಳಿದೆ. ಸರ್ ಹತ್ರ ಮಾತಾಡ್ತೀನಿ ಅಂದರು.

ಮಧ್ಯಾಹ್ನ ದಿಬ್ಬದ ಮೇಲೆ ಕ್ಯಾಮೆರಾ ಓಡಿಸುವ ಹಳಿ, ಅಂದರೆ ಟ್ರ್ಯಾಕ್ ಹಾಕಿದರು. ಭಾರೀ ಎಮೋಷನಲ್ ಸೀನ್. ಮೂರು ಗಂಟೆ ಹೊತ್ತಿಗೆ ದಡಕ್ಕೂ ದಿಬ್ಬಕ್ಕೂ ನಡುವಿನ ತಗ್ಗಿನಲ್ಲಿ ನೀರು ತುಂಬತೊಡಗಿತು. ದಿಬ್ಬ ಇನ್ನೂ ಒಣಗಿಯೇ ಇತ್ತು, ವಾಪಸ್ ಹೋಗುವ ದಾರಿ ಮಾತ್ರ ಮುಳುಗುತ್ತಿತ್ತು. ಮ್ಯಾನೇಜರ್, ಡೈರೆಕ್ಟರ್‌ಗೆ ಸಹಾಯಕರಾದ ಅಸೋಸಿಯೇಟ್ ಮುಖ ನೋಡಿದರು. ಅಸೋಸಿಯೇಟ್ ಹೋಗಿ ಡೈರೆಕ್ಟರ್‌ರ ಮುಖ ನೋಡಿದರು. ಡೈರೆಕ್ಟರ್ ಮಾನಿಟರ್‌ನಿಂದ ತಲೆ ಎತ್ತಲಿಲ್ಲ. ಸಂಬಳ ಕೊಡುವವರು ಕಣ್ಣೀರು ಹಾಕುತ್ತಾ ನಟಿಸುವಾಗ ನಡುವೆ ಬಾಯಿ ಹಾಕುವವರು ಯಾರು? ಸರ್ ಕೂಡ ನೀರು ನೋಡುತ್ತಿದ್ದಾರೆ, ಅವರೇ ನಿಲ್ಲಿಸುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಅವರ ಬೆನ್ನು ದಡದ ಕಡೆಗಿತ್ತು. ಮುಖಕ್ಕೆ ಲೈಟು. ಅವರಿಗೆ ಏನೂ ಕಂಡಿರಲಿಲ್ಲ. ಮತ್ತೊಂದು ಟೇಕ್ ಕೇಳಿದರು.

ಕೊನೆಗೆ ಕೂಗಿದ್ದು ದೋಣಿಯವರು. ಸಿನಿಮಾದವರು ಯಾರೂ ಅಲ್ಲ. ಲೈಟ್‌ಬಾಯ್‌ಗಳು ಬ್ಯಾಟರಿ, ಲೆನ್ಸ್ ಪೆಟ್ಟಿಗೆ ತಲೆ ಮೇಲಿಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ದಾಟಿದರು. ಅವರಲ್ಲಿ ಈಜು ಬಾರದವರೂ ಇದ್ದರು. ಜನರಿಗೇನೂ ಆಗಲಿಲ್ಲ. ಟ್ರ್ಯಾಕ್, ಬೆಳಕು ತಿರುಗಿಸುವ ಥರ್ಮಾಕೋಲ್ ಹಲಗೆಗಳು ಹೋದವು.

ನಟರು ಕಂಪನಿ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ರಾಜ್‌ಕುಮಾರ್ ಮನೆಯವರೇ ಸಿನಿಮಾ ತೆಗೆಯಲು ಶುರುಮಾಡಿದಾಗ, 1975ರ 'ತ್ರಿಮೂರ್ತಿ'ಯಿಂದಲೇ, ನಿರ್ಮಾಣ ನೋಡಿಕೊಂಡವರು ಪಾರ್ವತಮ್ಮ. ಅಣ್ಣಾವ್ರು ಕ್ಯಾಮೆರಾ ಮುಂದೆ ಇರುತ್ತಿದ್ದರು, ದುಡ್ಡು-ಕಾಸಿನ ತೀರ್ಮಾನ ಮಾಡುವವರು ಕ್ಯಾಮೆರಾ ಹಿಂದೆ. ಈಗಿನ ಸಣ್ಣ ಕಂಪನಿಗಳಲ್ಲಿ ಎರಡೂ ಒಬ್ಬರ ತಲೆ ಮೇಲೆ. ಅವರು ಮೇಕಪ್ ಹಾಕಿಕೊಂಡ ಕೂಡಲೇ ಆಫೀಸು ಬಾಗಿಲು ಹಾಕಿದ ಹಾಗೆ.

ಈಗ ನಾನು ಮೊದಲೇ ಎರಡು ವಿಷಯ ಕೇಳುತ್ತೇನೆ. ಕಾಲ್‌ಶೀಟ್ ತಲೆಯಲ್ಲಿ ಭರತಿ-ಇಳಿತದ ಟೈಮ್ ಇರಬೇಕು. ಶಾಟ್ ನಡುವೆಯೂ ಪ್ಯಾಕಪ್ ಹೇಳುವ ಅಧಿಕಾರ ಯಾರಿಗೆ ಅಂತ ಹೀರೋನೇ ಬೆಳಗಿನ ತಿಂಡಿ ಹೊತ್ತಿಗೆ ಎಲ್ಲರೆದುರು ಹೇಳಬೇಕು. ಇದಕ್ಕೆ ಒಪ್ಪದ ಯೂನಿಟ್‌ಗೆ ಅಳಿವೆ ತೋರಿಸುವುದಿಲ್ಲ, ಬೇಕಾದರೆ ಮಿರ್ಜಾನ್ ಕೋಟೆಯಲ್ಲಿ ಶೂಟ್ ಮಾಡಲಿ.

ನೀರಿಗಿಳಿದ ಹುಡುಗರಿಗೆ ಆ ದಿನ ಡಬಲ್ ಬಾಟಾ (ದಿನಭತ್ಯೆ) ಕೊಡುತ್ತೇವೆ ಅಂದಿದ್ದರು. ಇನ್ನೂ ಬಂದಿಲ್ಲ. ಬರುವವರೆಗೂ ಕೇಳುತ್ತೇನೆ.